ಕುಂತಲ್ಲೇ ಸವೆದ ಧೋತರ

ಹಿಂದೆ ಕಂಬಕ್ಕೆ ಒರಗಿ ಕುಳಿತ ಹಿರಿಯರೇ, ಈ ಕಥೆ ನಿಮಗೇ. ಕಣ್ಣು ಮುಚ್ಚಿಕೊಂಡರೂ ಅಡ್ಡಿಯಿಲ್ಲ, ಕಿವಿ ಮಾತ್ರ ತೆರೆದಿರಲಿ.

ಒಂದೂರಿನಲ್ಲಿ ಒಬ್ಬ ಸಾಹುಕಾರ. ಬಡಿಗತನ ಮಾಡಿ ಮೇಲೆ ಬಂದವನು. ಅವನು ಮಾಡಿದ ತೊಟ್ಟಿಲಲ್ಲಿ ಮಲಗದ ಕೂಸು ಆ ಊರಲ್ಲಿ ಇರಲಿಲ್ಲ. ಅರವತ್ತು ತುಂಬಿತು. ಮಕ್ಕಳು ಶಾಂತಿ ಮಾಡಿಸಿದರು, ಶಾಲು ಹೊದಿಸಿದರು, ಪಡಸಾಲೆಯ ತೂಗುಮಣೆಯ ಮೇಲೆ ಕೂರಿಸಿದರು. ಕೂತ. ನೋಡಿ, ಕೂತವನು ಹನ್ನೆರಡು ವರ್ಷ ಕೂತ! ಊಟಕ್ಕೆ ಎದ್ದ, ಮತ್ತೆ ಕೂತ. ಯಾರಾದರೂ ಕೇಳಿದರೆ, "ನಂದೇನೈತ್ರಿ ಇನ್ನ, ಎಲ್ಲಾ ಮುಗೀತು" ಎನ್ನುತ್ತಿದ್ದ. ಮುಗಿದದ್ದೇನು? ತೂಗುಮಣೆಯ ಸರಪಳಿಗೆ ಹಾಕುವ ಎಣ್ಣೆ!

ಒಂದು ದಿನ ಬಸುರಿ ಮೊಮ್ಮಗಳು ಬಂದಳು. "ಅಜ್ಜಾ, ನನ್ನ ಕೂಸಿಗೆ ನಿನ್ನ ಧೋತರದ ಕೌದಿ ಬೇಕು." ಅಲ್ಲಿಯ ಪದ್ಧತಿ ಅದು. ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯ ಮೇಲೇ ಕೂಸನ್ನು ಮೊದಲು ಮಲಗಿಸಬೇಕು. ಹಿರಿಯರ ದುಡಿಮೆ ಕೂಸಿಗೆ ಹತ್ತಲಿ ಎಂದು. ಸಾಹುಕಾರ ಹಿಗ್ಗಿದ. ಹತ್ತು ಧೋತರ ಗಂಟು ಕಟ್ಟಿ, ಎದುರುಮನೆಯಲ್ಲಿ ಕೌದಿ ಹೊಲಿಯುತ್ತಿದ್ದ ಎಂಬತ್ತರ ಮುದುಕಿಗೆ ಕಳಿಸಿದ.

ಮರುದಿನ ಮುದುಕಿ ಗಂಟನ್ನು ವಾಪಸು ತಂದಳು.

"ಸಾಹುಕಾರ್ರ, ಇವು ಬರಂಗಿಲ್ಲ."

"ಯಾಕಬೇ ಯವ್ವಾ? ಹಳೇವ ಅದಾವಲ್ಲ?"

"ಹಳೇವು ಖರೆ. ಸವದದ್ದು ಒಂದ ಕಡೆ." ಮುದುಕಿ ಧೋತರದ ಹಿಂಭಾಗವನ್ನು ಬೆಳಕಿಗೆ ಹಿಡಿದಳು. "ಇಲ್ಲಿ. ಕುಂತಲ್ಲಿ. ಹುಟ್ಟೋ ಕೂಸಿಗೆ ಇದನ್ನ ಹಾಸಲೇನ್ರಿ?"

ಸೊಸೆಯಂದಿರು ಬಾಯಿಗೆ ಸೆರಗು ಹಿಡಿದರು. ನೀವೂ ನಗುತ್ತಿದ್ದೀರಿ. ನಗಿ, ನಗಿ. ಸಾಹುಕಾರ ನಗಲಿಲ್ಲ.

"ಹಂಗಾರ ನನ್ನ ಮರಿಮೊಮ್ಮಗ ನನ್ನ ಕೌದಿ ಇಲ್ಲದ ಮಲಗಬೇಕೇನು?"

"ಇನ್ನಾ ನಾಕ ತಿಂಗಳ ಐತ್ರಿ. ಉಟ್ಟು ಸವಸ್ರಿ."

ಅಟ್ಟದಿಂದ ಉಳಿಯ ಪೆಟ್ಟಿಗೆ ಕೆಳಗಿಳಿಯಿತು. ಹನ್ನೆರಡು ವರ್ಷ ಉಳಿ ಹಿಡಿಯದ ಕೈ. ತೊಟ್ಟಿಲಿನ ಮೊದಲ ಕಾಲು ಸೊಟ್ಟ. ಎರಡನೆಯದು ಇನ್ನೂ ಸೊಟ್ಟ.

"ಅಪ್ಪಾ, ಪ್ಯಾಟ್ಯಾಗ ತಯಾರ ತೊಟ್ಟಲ ಸಿಗ್ತಾವ" ಎಂದ ಮಗ.

"ಸಿಗ್ತಾವ. ಸವದ ಧೋತರ ಸಿಗ್ತಾವೇನು?"

ನಾಲ್ಕು ತಿಂಗಳು ಮೊಣಕಾಲೂರಿ ಕೆತ್ತಿದ, ಉಜ್ಜಿದ. ಬೆವರು, ಒಗೆತ, ಮತ್ತೆ ಬೆವರು. ಧೋತರಗಳು ಮೊಣಕಾಲಿನ ಹತ್ತಿರ ಹತ್ತಿಯಂತಾದವು. ಮುದುಕಿ ಸವರಿ ನೋಡಿ, "ಈಗ ಸೂಜಿ ಓಡತೈತಿ" ಎಂದಳು.

ಹೆಸರಿಡುವ ದಿನ ಕೂಸು ಆ ಕೌದಿಯ ಮೇಲೆ ಮಲಗಿತು. ತೊಟ್ಟಿಲು ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಕೂಸಿಗೆ ಅದೇನು ಗೊತ್ತು? ಹಾಯಾಗಿ ನಿದ್ದೆ ಹೋಯಿತು. ಬಂದವರು ಪಡಸಾಲೆ ನೋಡಿ ಕೇಳಿದರು, "ತೂಗುಮಣಿ ಎಲ್ಲಿ ಹೋತ್ರಿ?"

"ತೊಟ್ಟಲದ ತಳಕ್ಕ ಹಲಗಿ ಕಮ್ಮಿ ಬಿದ್ದಿತ್ತು" ಎಂದ ಸಾಹುಕಾರ.

ಈಗ ನಿಮ್ಮ ಸರದಿ. ಮನೆಗೆ ಹೋಗಿ ನಿಮ್ಮ ಧೋತರ, ನಿಮ್ಮ ಸೀರೆ ಬೆಳಕಿಗೆ ಹಿಡಿಯಿರಿ. ಎಲ್ಲಿ ಸವೆದಿದೆ? ಯಾರಿಗೂ ಹೇಳಬೇಡಿ, ನೀವೇ ನೋಡಿಕೊಳ್ಳಿ. ನಾಳೆ ಚಹಾ ಕುಡಿದು, ಬಿಟ್ಟ ಕೆಲಸವೊಂದನ್ನು ಒಂದೇ ತಾಸು ಹಿಡಿಯಿರಿ. ಹಾಡು ಬಿಟ್ಟವರು ಹಾಡಿ, ಕಸೂತಿ ಬಿಟ್ಟವರು ದಾರ ಪೋಣಿಸಿ. ಸೊಟ್ಟ ಬರುತ್ತದೆ. ಬರಲಿ! ನಾಡಿದ್ದು ಮತ್ತೆ ಹಿಡಿಯಿರಿ.

ಏಳಿ ಹಿರಿಯರೇ. ಆ ಕಂಬ ನೀವು ಒರಗದಿದ್ದರೂ ನಿಲ್ಲುತ್ತದೆ.