ನೂರಾ ಒಂದನೆಯ ಮನೆ

ಅಹಮದಾಬಾದಿನ ಲಾಲ್ ದರ್ವಾಜಾದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮುಂದಿದ್ದ ಇಬ್ಬರು ಕನ್ನಡದಲ್ಲಿ ಮಾತಾಡುತ್ತಿದ್ದರು. ಯಾವುದೋ ಸಂಶೋಧನಾಲಯದವರು. ಅಲ್ಲಿಗೆ ಹೊಸದಾಗಿ ಬಂದ ಕಂಪ್ಯೂಟರಿನ ಮಾತು.

“ಯಂತ್ರ ನಡಸೋ ಮೂಲ ಪ್ರೋಗ್ರಾಮು ಮತ್ತ ಕೆಟ್ಟದ, ನಳಿನಿಬಾಯಿ. ಮೂರನೇ ಸಲ. ಆ ಆಪರೇಟರ್ ಪಟ್ಟಾಭಿರಾಮ ಬೇಕಂತನ ಕೆಡಸ್ಲಿಕ್ಕತ್ಯಾನ.”

“ನೀವು ಕಣ್ಣಾರೆ ನೋಡಿದ್ರಾ, ಭೀಮಸೇನರಾಯರೇ?”

“ಅವನ್ನ ಬಿಟ್ರ ಯಂತ್ರ ಮುಟ್ಟೋರು ಯಾರಿದ್ದಾರ? ಇವತ್ತ ಡೈರೆಕ್ಟರಿಗೆ ಹೇಳಾಂವ ನಾ.”

“ಯಾರೂ ಮುಟ್ಟಬೇಕಾಗಿಲ್ಲ. ನಿನ್ನೆ ಮೆಮೊರಿ ಪೂರ್ತಿ ಅಚ್ಚು ಹಾಕಿಸಿ, ಅಂಕಿ ಇಡೋ ಒಂದೊಂದೇ ಮನೆ ನೋಡಿದೆ. ಯಾರದೋ ಲೆಕ್ಕ ನೂರು ಮನೆ ಕೇಳಿಕೊಂಡು ನೂರಾ ಒಂದನೇದರಲ್ಲೂ ಅಂಕಿ ಬರೀತಿದೆ. ಮೂಲ ಪ್ರೋಗ್ರಾಮು ಶುರುವಾಗೋದೇ ಅಲ್ಲಿಂದ.”

“ಅದೂ ಅವಂದ ಕೆಲಸ ಇರಬೇಕು.”

“ಅಲ್ಲಿದ್ದ ಅಂಕಿ ಹಜೀರಾ ಸಮುದ್ರದ ಭರತದ ಎತ್ತರ.”

ಆತ ಆಕೆಯ ಕಡೆ ತಿರುಗಿದ.

“ಹಜೀರಾದ ಲೆಕ್ಕ ನಂದು.”

“ಹೌದು.”

“ಪಟ್ಟಾಭಿರಾಮಗ ನೀವು ಹೇಳೀರೇನು?”

“ನೀವೇ ಹೇಳಿ. ಎರಡು ವಾರದಿಂದ ಅವರ ಪಕ್ಕ ಕೂತು ಯಾರೂ ಚಹಾ ಕುಡಿದಿಲ್ಲ.”

ಬಸ್ ಬಂತು. ಆಕೆ ಹತ್ತಿದಳು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಆತನೂ ಹತ್ತಿದ.