ಸಳಿ ಇಳಿದ ಜಾಗ

...ಅಲ್ಲಲ್ಲ, ಆ ಮೂಲ್ಯಾಗ ಕಬ್ಬಿಣದ ಸಳಿ ಚುಚ್ಚಬ್ಯಾಡ ಮಂದಾರ! ಈ ಕಡೆ ಬಾ. ಇಲ್ಲಿ ನೋಡು, ಹುಲ್ಲೆಲ್ಲಾ ಬೇರು ಸಮೇತ ಕಿತ್ತೀನಿ. ಬೆಳಿಗ್ಗಿಂದ ಕಲ್ಲು ಆರಿಸಾಕತ್ತೀನಿ. ಒಂದು ಚೂಪನ್ನ ಕಲ್ಲು ಉಳದ್ರೂ ಈಜೋ ಪೂಲಿನ ತಳ ಹರದಹೋಗತೈತಂತ, ನಿನ್ನ ಗಂಡ ಕೌಶಲ್ ಕೊಟ್ಟ ಕಾಗದದಾಗ ಬರದೈತಿ.

ಯಾಕ ನಗ್ತೀ? ಮೂವತ್ತು ವರ್ಷ ಫ್ಯಾಕ್ಟರ್ಯಾಗ ಅಳತಿ ತಗದಾಂವ ನಿಮ್ಮಪ್ಪ, ಈ ಮಲ್ಲಿಕಾರ್ಜುನ! ಪೈಪಿನ್ಯಾಗ ನೀರು ತುಂಬಿ ಲೆವೆಲ್ ನೋಡೀನಿ, ಈ ಗೂಟಕ್ಕೂ ಆ ಗೂಟಕ್ಕೂ ಕಾಲಿಂಚು ಫರಕಿಲ್ಲ. ಎಲಿ ಬೀಳಬಾರದಂತ ನುಗ್ಗಿಗಿಡದ ಟೊಂಗಿ ಕಡಿಸೀನಿ. ನಾಳೆ ಉಸುಕು ಬರತೈತಿ, ಎರಡಿಂಚು ಹಾಸಿ ದಮ್ಮಸ್ ಹೊಡದು ಗಟ್ಟಿ ಮಾಡಿದ್ರ ಆತು. ಕೌಶಲ್ ಪಾಪ, ಕಂಪನಿ ಕೆಲಸಕ್ಕ ಅಮೆರಿಕಾಕ್ಕ ಹೋದಾಂವ, ಬರೂವಾಗ ಮಗಳಿಗಂತ ಅಷ್ಟು ದೊಡ್ಡ ಮಡಚೋ ಪೂಲು ಹೊತಗೊಂಡು ಬಂದಾನ. ಕಾಲಿನ ಆಪರೇಷನ್ ಆದಾಗಿಂದ ಲಹರಿ ಗೋಡಿ ಹಿಡಕೊಂಡ ನಡೀತೈತಿ ಕೂಸು. ನೀರಾಗ ಕಾಲಾಡಿಸಿದ್ರ ಬಲ ಬರತೈತಿ ಅಂದಾರಲ್ಲ ಡಾಕ್ಟ್ರು...

ಹಾಂ? ನೀರು ತುಂಬಿದ್ರ ಹತ್ತು ಟನ್ ಭಾರ? ಗೊತ್ತೈತಿ, ತಡೀತೈತಿ. ಕೌಶಲ್ ಕೇಳಿದಾಗ ಹೇಳೀನಿ, ಫಿಕರ್ ಬ್ಯಾಡ್ರಿ, ನಮ್ಮ ಕುಷಾಯಿಗೂಡದ ನೆಲ ಅಂದ್ರ ಬಂಡಿಗಲ್ಲು ಅಂತ.

ಏ, ಮತ್ತ ಅಲ್ಲೇ ಹೊಂಟಿ! ಬ್ಯಾಡಂದೆನಲ್ಲ... ಮಂದಾರ!

...ಪೂರಾ ಇಳೀತಾ? ನಾಕು ಫೂಟಿನ ಸಳಿ...

ಹೆಗ್ಗಣದ ಬಿಲ ಇರಬೇಕು. ಹೌದು, ಹೆಗ್ಗಣಾ ಭಾಳ ಇಲ್ಲಿ. ಮಣ್ಣು ಸಡಲಾಗಿರತೈತಿ... ಯಾಕ ಹಂಗ ನೋಡ್ತೀ?

ಆತು. ಬಿಲ ಅಲ್ಲ. ಬಾವಿ ಇತ್ತು. ಮುಚ್ಚಿಸಿದೆ. ಆಗ ಎಲ್ಲಾರೂ ಮುಚ್ಚಿಸಿದ್ರು! ಇಟ್ಟಂಗಿ ಚೂರು, ಬೂದಿ, ಕಸ, ಸಿಕ್ಕಿದ್ದೆಲ್ಲಾ ಸುರುವಿದೆ. ಪೂಲಿನ ಅಂಚು ಒಂದೀಟು ಅದರ ಮ್ಯಾಲೆ ಬರತೈತಿ, ಅಷ್ಟ... ಅಷ್ಟಲ್ಲ, ಹೌದು. ಲಹರಿ ಒಳಗಿದ್ದಾಗ ಕುಸದ್ರ... ಗೊತ್ತೈತವಾ. ಎರಡು ದಿನ ಆತು ನನಗ ಅನ್ನ ಸೇರವಲ್ದು. ಆದ್ರ ಬಾವಿ ಅಂದ್ರ, ಯಾಕ ಮುಚ್ಚಿದ್ರಿ ಅಂತ ಕೇಳ್ತಿದ್ದ ಕೌಶಲ್.

ನೀನೂ ಕೇಳು. ಕೇಳವಾ. ಆ ಸಳಿ ಇತ್ತ ಕೊಡು...

ಸಣ್ಣಾಕಿ ಇದ್ದಾಗ ಕನಸು ಬೀಳ್ತಿತ್ತಲ್ಲ ನಿನಗ. ಸುತ್ತ ಕಲ್ಲು, ಮ್ಯಾಲೆ ದುಂಡನ್ನ ಬೆಳಕು. ಚೀರಿ ಏಳ್ತಿದ್ದಿ. ಜ್ವರದ ಕನಸು ಅಂತಿದ್ದೆ ನಾನು. ಕನಸಲ್ಲವಾ ಅದು. ನಾಕು ವರ್ಷದಾಕಿ ನೀನು. ನಿಮ್ಮವ್ವ ನಿನ್ನ ನನ್ನ ಹಂತ್ಯಾಕ ಬಿಟ್ಟು ರೇಷನ್ ತರಾಕ ಹೋಗಿದ್ಲು. ಬಾಜೂಮನಿ ಹನುಮಂತ ಹಗ್ಗ ಹಿಡದು ಬಾವ್ಯಾಗ ಇಳದು ನಿನ್ನ ಎತ್ತಿದ. ಮರುದಿನಾನ ಮುಚ್ಚಾಕ ಹಚ್ಚಿದೆ.

ನಾನಾ? ನಾ... ರಾತ್ರಿ ಪಾಳಿ ಮುಗಿಸಿ ಬಂದಿದ್ದೆ. ಮಲಗಿದ್ದೆ. ಹೊರಸಿನ ಮ್ಯಾಲೆ, ಅಗೋ ಆ ಕಟ್ಟಿ ಬಾಜೂಕ. ಸತ್ತಂಗ ನಿದ್ದಿ ಹತ್ತಿತ್ತು, ಏನೂ ಕೇಳಿಸಲಿಲ್ಲ ಅಂದೆ. ನಿಮ್ಮವ್ವ ಸಾಯೂತನಕಾ ಅದನ್ನ ನಂಬಿದ್ಲು.

ನಂಬೋವಂಥಾ ಮಾತ ಐತಿ ಅದು. ಹೌದಲ್ಲೇನವಾ?

ಮಂದಾರ... ಬೈಯರೆ ಬೈಯವಾ.

...ಕೇಳಿಸಿತ್ತು. ಅಪ್ಪಾ ಅಂದಿ ನೀನು. ಎರಡು ಸಲ. ಆಟ ಆಡಾಕತ್ತೀ ಅಂತ ಮಗ್ಗಲಾ ಬದಲಿಸಿದೆ ನಾನು.