ಏಲಕ್ಕಿ ಒಲೆಯ ವೈರು

ದೋಣಿಗಲ್ ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ಸಕಲೇಶಪುರದ ನಿಲ್ದಾಣದಲ್ಲಿ ಐರಿನ್ ಬಾಯಿ ನೋಯುವ ಕಾಲಿನಿಂದ ಚಪ್ಪಲಿ ಕಳಚಿ, ತಣ್ಣನೆಯ ಸಿಮೆಂಟಿನ ಮೇಲೆ ಪಾದ ಊರಿ ಕೂತಿದ್ದಳು. ಅದೇ ಬೆಂಚಿನಲ್ಲಿ ಯಾವುದೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬ, ಜೊತೆಗಿದ್ದ ಎಲೆಕ್ಟ್ರಿಷಿಯನ್ ಕೊಂಡು ತಂದ ಬಿಳಿ ಕೊಳವೆಯ ಸುರುಳಿಯನ್ನು ಹಿಸುಕಿ ನೋಡುತ್ತಿದ್ದ.

“ಇದರಲ್ಲೇನು ವಿಶೇಷ ಪಾಲಾಕ್ಷ?”

“ಕಾವು ತಡೀತದೆ ರೈಟ್ರೇ. ಒಲೆ ಪಕ್ಕದಲ್ಲಿದ್ರೂ ಕರಗಲ್ಲ, ಒಳಗಿನ ವೈರು ಭದ್ರವಾಗಿರ್ತದೆ.”

“ನಮ್ಮ ಏಲಕ್ಕಿ ಒಣಗ್ಸೋ ಒಲೆ ಫ್ಯಾನಿನ ವೈರಿಗೂ ಇದನ್ನೇ ಅಲ್ವಾ ಹಾಕಿರೋದು?”

“ಆಗ ಇದು ಸಿಕ್ಕಿರ್ಲಿಲ್ಲ. ಅಲ್ಲೀವರ್ಗೂ ಇರ್ಲಿ ಅಂತ ತೋಟದ ನೀರಿನ ಪೈಪ್ ತುಂಡು ತೂರಿಸಿದೀನಿ. ನಾಳೆ ಬದ್ಲಾಯಿಸ್ತೀನಿ. ಒಲೆ ಹಚ್ಚೋದು ನಾಳಿದ್ದು ತಾನೆ?”

ರೈಟರನ ಕೈ ನಿಂತುಹೋಯಿತು.

“ಬೆಳಿಗ್ಗೇನೇ ಹಚ್ಚಿಸ್ಬುಟ್ಟೆ ಕಣೋ. ಹಸಿ ಕಾಯಿ ರಾಶಿ ಬಿದ್ದಿತ್ತು.”

“ಅಯ್ಯೋ! ಪೈಪ್ ಕರಗಿದ್ರೆ ವೈರು ಒಲೆ ತಗಡಿಗೆ ತಾಗ್ತದೆ. ತಗಡಿಗೆಲ್ಲ ಕರೆಂಟು ಬರ್ತದೆ. ಒಳಗೆ ಯಾರವ್ರೆ?”

“ಕಾಯಿ ಕೈಯಾಡ್ಸೋ ಹೆಂಗಸ್ರು. ನಿನ್ನ ತಂಗೀನೂ ಅವ್ಳೆ.”

“ಕಾಲಲ್ಲಿ ಚಪ್ಪಲಿನಾದ್ರೂ ಐತೆ ತಾನೆ?”

“ಏಲಕ್ಕಿ ಮನೆಗೆ ಯಾರಾದ್ರೂ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನೋ ಮಾರಾಯ? ಮಾಲು ಮಣ್ಣಾಗ್ತದೆ ಅಂತ ಬಾಗ್ಲಲ್ಲಿ ನಿಂತು ಬಿಡಿಸೋನು ನಾನೇ.”

“ಏಳಿ, ಬಂಗ್ಲೆಗೆ ಫೋನ್ ಮಾಡಣ. ತಗಡು ಮುಟ್ಟದೆ ಎಲ್ರೂ ಆಚೆ ಬರ್ಲಿ.”

ಇಬ್ಬರೂ ರಸ್ತೆಯಾಚೆಯ ಫೋನ್ ಬೂತಿನತ್ತ ಓಡಿದರು. ಬಿಳಿ ಸುರುಳಿ ಬೆಂಚಿನ ಮೇಲೆಯೇ ಉಳಿಯಿತು. ಅದರ ಪಕ್ಕದಲ್ಲಿ ಕೂತ ಐರಿನ್ ಬಾಯಿ, ತನಗೇ ಅರಿವಿಲ್ಲದೆ, ಪಾದಗಳನ್ನು ನೆಲದಿಂದ ಮೇಲಕ್ಕೆ ಎತ್ತಿಕೊಂಡಿದ್ದಳು.